ಲಿಂಬಿಗೂ ಲೈಮ್, ಸುಣ್ಣಕ್ಕೂ ಲೈಮ್

ಹಲಸಂಗಿ, ಇಂಡಿ, ಚಡಚಣ ಕಡೆ ಲಿಂಬಿ ಬೆಳೆಯುವವರು ಇಂಗ್ಲಿಷ್ ಸಲಹೆ ಓದುವಾಗ ‘ಲೈಮ್’ ಎಂಬ ಪದ ಬಂದಲ್ಲೆಲ್ಲ ಒಂದು ಕ್ಷಣ ನಿಲ್ಲಬೇಕು. ಹಣ್ಣಿನ ಮಾತೋ, ಸುಣ್ಣದ ಮಾತೋ ಎಂದು ಮೊದಲು ಕೇಳಿಕೊಳ್ಳಬೇಕು.

ಲೈಮ್, ಲೆಮನ್ ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಇಂಡಿಯ ತೆಳುಸಿಪ್ಪೆಯ ಕಾಗ್ಜಿ ಲಿಂಬಿ ಲೈಮ್. ದಪ್ಪ ಸಿಪ್ಪೆಯ ದೊಡ್ಡ ಹಣ್ಣು ಲೆಮನ್. ಈ ಗೊಂದಲಕ್ಕೆ ಬ್ರಿಟಿಷ್ ನೌಕಾಪಡೆ ಭಾರಿ ಬೆಲೆ ತೆತ್ತಿತು. ಎರಡೂ ಒಂದೇ ಎಂದುಕೊಂಡು ಅದು ಮೆಡಿಟರೇನಿಯನ್ ಲೆಮನ್ ಬಿಟ್ಟು ವೆಸ್ಟ್ ಇಂಡೀಸಿನ ಲೈಮ್ ರಸ ಕೊಡತೊಡಗಿತು. ಆ ರಸದಲ್ಲಿ ಸಿ ಜೀವಸತ್ವ ಬಹಳ ಕಡಿಮೆ. 1875ರಲ್ಲಿ ಹೊರಟ ಆರ್ಕ್ಟಿಕ್ ಯಾತ್ರೆಯಲ್ಲಿ ನಾವಿಕರನ್ನು ಸ್ಕರ್ವಿ ಹಿಡಿಯಿತು.

‘ಲೈಮ್‌ಲೈಟ್’ ಲಿಂಬಿ ಬಣ್ಣದ ಬೆಳಕೂ ಅಲ್ಲ. ಸುಟ್ಟ ಸುಣ್ಣದ ತುಂಡನ್ನು ಉರಿಜ್ವಾಲೆಗೆ ಹಿಡಿದು ರಂಗಮಂದಿರ ಬೆಳಗುತ್ತಿದ್ದ 19ನೆಯ ಶತಮಾನದ ದೀಪ ಅದು. ಯುರೋಪಿನ ಲೈಮ್ ಮರಕ್ಕಂತೂ ಎರಡರ ಸಂಬಂಧವೂ ಇಲ್ಲ.

ತೋಟಕ್ಕೇ ಕುತ್ತು ತರುವ ತಪ್ಪು ಬೇರೆಯದು: ಮಣ್ಣಿಗೆ ಲೈಮ್ ಹಾಕಿದರೆ ಗಿಡ ಸುಧಾರಿಸುತ್ತದೆ ಎಂಬುದು. ಇಲ್ಲಿ ಲೈಮ್ ಎಂದರೆ ಸುಣ್ಣ. ಮಲೆನಾಡು, ಕರಾವಳಿಯ ಹುಳಿಮಣ್ಣಿಗೆ ಅದು ಬೇಕು. ನಮ್ಮ ಎರಿ ಭೂಮಿ ಕ್ಷಾರದ್ದು. ನೇಗಿಲಿಗೆ ಸುಣ್ಣಕಲ್ಲಿನ ಹರಳು ತಾವಾಗೇ ಏಳುತ್ತವೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರೆಲೆ ಹಳದಿ ತಿರುಗಿ ನರ ಮಾತ್ರ ಹಸಿರಾಗಿ ಉಳಿಯುತ್ತವೆ. ಸಾರಜನಕ ಕಡಿಮೆಯಾದರೆ ಹಳದಿಯಾಗುವುದು ಮೊದಲು ಹಳೆಯ ಎಲೆ. ಈ ವ್ಯತ್ಯಾಸ ನೋಡದೆ ಯೂರಿಯಾ ಸುರಿಯಬಾರದು. ಚಿಗುರು ಹಳದಿಯಾದ ಲಿಂಬಿಗೆ ಸುಣ್ಣ ಹಾಕಿದರೆ ರೋಗಕ್ಕೇ ಗೊಬ್ಬರ ಕೊಟ್ಟಂತೆ. ಮಣ್ಣು ಪರೀಕ್ಷೆ ಮಾಡಿಸಿ, ಎಲೆಗೆ ಅನ್ನಭೇದಿ ಸಿಂಪಡಿಸುವ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ.

ಹಾಗೆಂದು ಲಿಂಬಿ ತೋಟಕ್ಕೆ ಸುಣ್ಣವೇ ಬೇಡವೆಂದಲ್ಲ. ಕಜ್ಜಿ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು ಇರುತ್ತವೆ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ತುಕ್ಕಿಲ್ಲದ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಅಲಗು ಸ್ವಚ್ಛವಾಗಿ ಬರುವವರೆಗೆ ಸುಣ್ಣದ ತಿಳಿನೀರು ಸೇರಿಸಿ, ಅವತ್ತೇ ಹೊಡೆದು ಮುಗಿಸಿ.