26,000 ಕಡತಗಳಲ್ಲಿ ಸಿಕ್ಕ ಸಮಾಜ

ಫ್ರಾನ್ಸಿನಲ್ಲಿ 1841ರಲ್ಲಿ 2,814 ಜನ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ 2,866. ಆಮೇಲಿನ ನಾಲ್ಕು ವರ್ಷಗಳಲ್ಲಿ 3,020, 2,973, 3,082, 3,102. ಸತ್ತವರಿಗೆ ಒಬ್ಬರಿಗೊಬ್ಬರ ಗುರುತು ಪರಿಚಯ ಇರಲಿಲ್ಲ. ಒಬ್ಬ ಸಾಲದಲ್ಲಿ ಮುಳುಗಿದ್ದಿರಬೇಕು, ಒಬ್ಬಳು ಮನೆಯವರಿಂದ ನೊಂದಿದ್ದಿರಬೇಕು, ಮತ್ತೊಬ್ಬರು ವಾಸಿಯಾಗದ ಕಾಯಿಲೆಯಿಂದ ಬೇಸತ್ತಿರಬೇಕು. ಅವರವರ ಸಂಕಟ ಅವರವರಿಗೆ. ಆದರೂ ವರ್ಷದ ಕೊನೆಗೆ ಕೂಡಿ ನೋಡಿದರೆ ಮೊತ್ತ ಹಿಂದಿನ ವರ್ಷದ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ವರ್ಷ ಸತ್ತವರು ಬೇರೆ, ಮರುವರ್ಷ ಸತ್ತವರು ಬೇರೆ. ಸಂಖ್ಯೆ ಮಾತ್ರ ಹೆಚ್ಚೂಕಡಿಮೆ ಅದೇ. ಹಾಗಾದರೆ ಆ ಸಂಖ್ಯೆಯನ್ನು ಹಿಡಿದು ನಿಲ್ಲಿಸಿದ್ದು ಯಾವುದು?

ಹತ್ತೊಂಬತ್ತನೆಯ ಶತಮಾನದ ಯುರೋಪನ್ನು ಈ ಪ್ರಶ್ನೆ ಬಹಳ ಕಾಡಿತ್ತು. ಸರ್ಕಾರಗಳು ಹುಟ್ಟು, ಸಾವು, ಮದುವೆ, ಅಪರಾಧಗಳ ಲೆಕ್ಕ ಇಡತೊಡಗಿದ್ದವು. ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆಟಲೆ ಆ ಲೆಕ್ಕಗಳನ್ನು ಗಣಿತದ ಕಣ್ಣಿನಿಂದ ನೋಡಿ, 1835ರಲ್ಲಿ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1879ರಲ್ಲಿ, ಮುಂದೆ ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷನಾದ ತೊಮಾಶ್ ಮಸಾರಿಕ್ 1881ರಲ್ಲಿ ಆತ್ಮಹತ್ಯೆಯ ಬಗ್ಗೆ ಪುಸ್ತಕಗಳನ್ನೇ ಬರೆದರು. ಕೋಷ್ಟಕಗಳಿಗೆ ಕೊರತೆ ಇರಲಿಲ್ಲ. ಹವೆ, ಜನಾಂಗ, ಹುಚ್ಚು, ನಾಗರಿಕತೆಯ ಒತ್ತಡ ಎಂದು ಕಾರಣಗಳ ಪಟ್ಟಿಯೂ ಉದ್ದವಾಗಿತ್ತು. ಯಾವ ಕಾರಣ ನಿಜ, ಯಾವುದು ಹುಸಿ ಎಂದು ಒರೆಗೆ ಹಚ್ಚುವ ಕೆಲಸ ಬಾಕಿ ಉಳಿದಿತ್ತು.

ಆ ಕೆಲಸವನ್ನು ಕೈಗೆತ್ತಿಕೊಂಡವನು ಎಮಿಲ್ ಡರ್ಖೈಮ್. 1858ರಲ್ಲಿ ಫ್ರಾನ್ಸಿನ ಎಪಿನಾಲ್ ಎಂಬ ಊರಿನಲ್ಲಿ, ತಲೆಮಾರುಗಳಿಂದ ಯಹೂದಿ ಪೌರೋಹಿತ್ಯ ನಡೆಸಿಕೊಂಡು ಬಂದ ಮನೆತನದಲ್ಲಿ ಹುಟ್ಟಿದವನು. ಪ್ಯಾರಿಸಿನ ಎಕೋಲ್ ನಾರ್ಮಲ್‌ನಲ್ಲಿ ಜೊತೆಗೆ ಓದಿದ ಆಪ್ತ ಗೆಳೆಯ ವಿಕ್ಟರ್ ಹೊಮೇ 1886ರಲ್ಲಿ ತೀರಿಕೊಂಡ. ಅದು ಆತ್ಮಹತ್ಯೆಯೇ ಎಂದು ಡರ್ಖೈಮನ ಜೀವನಚರಿತ್ರೆ ಬರೆದ ಹಲವರು ನಂಬುತ್ತಾರೆ. ಗೆಳೆಯನ ಬಗ್ಗೆ ಡರ್ಖೈಮ್ ಸಂತಾಪ ಲೇಖನ ಬರೆದ. 1887ರಲ್ಲಿ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದ. ಮರುವರ್ಷವೇ ಆತ್ಮಹತ್ಯೆ ಮತ್ತು ಜನನ ಪ್ರಮಾಣದ ಸಂಬಂಧದ ಬಗ್ಗೆ ಅವನ ಲೇಖನ ಹೊರಬಂತು. ಫ್ರಾನ್ಸಿನ ಯಾವ ಜಿಲ್ಲೆಗಳಲ್ಲಿ ಮಕ್ಕಳು ಹುಟ್ಟುವುದು ಕಡಿಮೆಯೋ ಅಲ್ಲಿ ಆತ್ಮಹತ್ಯೆ ಹೆಚ್ಚು ಎಂಬುದು ಅದರ ತಿರುಳು. ತುಂಬಿದ ಮನೆ ಮನುಷ್ಯನನ್ನು ಕಾಯುತ್ತದೆ ಎಂಬ ಊಹೆಗೆ ಅದು ಇಂಬು ಕೊಟ್ಟಿತು. ಊಹೆ ರುಜುವಾತಾಗಲು ಅಷ್ಟು ಸಾಲದು. ಜಿಲ್ಲೆಯ ಲೆಕ್ಕ ಜಿಲ್ಲೆಯ ವಿಷಯ ಹೇಳುತ್ತದೆಯೇ ಹೊರತು, ಸತ್ತವನ ಮನೆಯಲ್ಲಿ ಮಕ್ಕಳಿದ್ದರೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ.

ಅದನ್ನು ತಿಳಿಯಬೇಕಾದರೆ ಒಂದೊಂದು ಸಾವಿನ ದಾಖಲೆಯನ್ನೂ ತೆರೆದು ನೋಡಬೇಕಿತ್ತು. ಆ ದಾಖಲೆಗಳು ಪ್ಯಾರಿಸಿನ ನ್ಯಾಯ ಇಲಾಖೆಯಲ್ಲಿದ್ದವು. ಅಲ್ಲಿನ ಅಂಕಿ-ಅಂಶ ವಿಭಾಗದ ಮುಖ್ಯಸ್ಥ ಗೇಬ್ರಿಯೆಲ್ ತಾರ್ದ್. ಡರ್ಖೈಮನ ಅತಿ ದೊಡ್ಡ ಎದುರಾಳಿ ಎಂದರೆ ಇದೇ ತಾರ್ದ್. ಸಮಾಜವೆಂಬುದು ಒಬ್ಬರು ಇನ್ನೊಬ್ಬರನ್ನು ಅನುಕರಿಸುವುದರಿಂದ ಆದದ್ದು, ಅದರಾಚೆ ಬೇರೆ ವಸ್ತುವಿಲ್ಲ ಎಂಬುದು 1890ರಲ್ಲಿ ಬಂದ ಅವನ ಪುಸ್ತಕದ ವಾದ. ಡರ್ಖೈಮನದು ಅದಕ್ಕೆ ನೇರ ವಿರುದ್ಧ. ತಾಮ್ರವೂ ಮೆದು, ತವರವೂ ಮೆದು, ಎರಡೂ ಬೆರೆತಾಗ ಬರುವ ಕಂಚು ಗಟ್ಟಿ. ಹಾಗೆ ಜನ ಕೂಡಿದಾಗ ಹುಟ್ಟುವ ಸಮಾಜಕ್ಕೆ ಒಬ್ಬೊಬ್ಬರಲ್ಲೂ ಇಲ್ಲದ ಗುಣವೊಂದು ಬರುತ್ತದೆ ಎಂಬುದು ಅವನ ನಿಲುವು. ತನ್ನ ವಾದವನ್ನೇ ಕೆಡವಲು ಹೊರಟವನಿಗೆ ತಾರ್ದ್ ಅಚ್ಚಾಗದ ದಾಖಲೆಗಳನ್ನು ತೆರೆದುಕೊಟ್ಟ. ಈ ಅಧ್ಯಯನದಿಂದ ಮುಂದೆ ಹೊರಬಂದ ತನ್ನ ಪುಸ್ತಕದ ಮುನ್ನುಡಿಯಲ್ಲಿ ಡರ್ಖೈಮ್ ಅವನಿಗೆ ಕೃತಜ್ಞತೆ ಹೇಳಿದ್ದಾನೆ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಔದಾರ್ಯ ನೆನಪಿನಲ್ಲಿ ಇಟ್ಟುಕೊಳ್ಳುವಂಥದ್ದು.

ದಾಖಲೆಗಳ ಮುಂದೆ ಕುಳಿತವನು ಡರ್ಖೈಮನ ಅಕ್ಕನ ಮಗ, ಇನ್ನೂ ಇಪ್ಪತ್ತರ ಹರೆಯದ ಮಾರ್ಸೆಲ್ ಮಾಸ್. ಉಡುಗೊರೆಯ ಬಗ್ಗೆ ಮುಂದೆ ಜಗತ್ಪ್ರಸಿದ್ಧ ಪ್ರಬಂಧ ಬರೆದವನು ಇವನೇ. 1889ರಿಂದ 1891ರವರೆಗಿನ ಸುಮಾರು 26,000 ಆತ್ಮಹತ್ಯೆಗಳ ದಾಖಲೆಗಳನ್ನು ಅವನೊಬ್ಬನೇ ವಿಂಗಡಿಸಿದ. ಪ್ರತಿ ದಾಖಲೆಯಿಂದ ನಾಲ್ಕು ಸಂಗತಿ ಹೆಕ್ಕಬೇಕು: ಗಂಡೋ ಹೆಣ್ಣೋ, ವಯಸ್ಸೆಷ್ಟು, ಮದುವೆಯಾಗಿತ್ತೇ, ಮಕ್ಕಳಿದ್ದರೇ. ಪ್ಯಾರಿಸ್ ಆಗ ಸೇರಿದ್ದ ಸೀನ್ ಜಿಲ್ಲೆಯ ಲೆಕ್ಕ ಬೇರೆ, ಉಳಿದ ಫ್ರಾನ್ಸಿನ ಲೆಕ್ಕ ಬೇರೆ. ಸರ್ಕಾರದ ವಾರ್ಷಿಕ ವರದಿಗಳಲ್ಲಿ ಈ ನಾಲ್ಕೂ ಸಂಗತಿ ಒಂದರೊಳಗೊಂದು ಹೆಣೆದುಕೊಂಡು ಬರುತ್ತಿರಲಿಲ್ಲ. ಹೆಣೆದು ನೋಡಿದ್ದರಲ್ಲೇ ಆವಿಷ್ಕಾರದ ಗುಟ್ಟಿತ್ತು.

ಅದು ಹೇಗೆಂದು ಒಂದು ಉದಾಹರಣೆಯಿಂದ ನೋಡೋಣ. 1873ರಿಂದ 1878ರವರೆಗೆ ಫ್ರಾನ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ವಿವಾಹಿತರು 16,264, ಅವಿವಾಹಿತರು 11,709. ಮೇಲುನೋಟಕ್ಕೆ ಮದುವೆಯೇ ಕಂಟಕ ಎನಿಸುತ್ತದೆ. ಸಂಸಾರದ ಹೊರೆಯೇ ಜನರನ್ನು ಸಾವಿಗೆ ನೂಕುತ್ತದೆ ಎಂದು ನಂಬಿದವರೂ ಇದ್ದರು. ಆದರೆ ಅವಿವಾಹಿತರ ಲೆಕ್ಕದಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರೂ ಸೇರಿರುತ್ತಾರೆ. ಮಕ್ಕಳಲ್ಲಿ ಆತ್ಮಹತ್ಯೆ ತೀರ ವಿರಳ. ವಯಸ್ಸಾದಂತೆ ಅದರ ಪ್ರಮಾಣ ಏರುತ್ತದೆ. ವಿವಾಹಿತರು ಸಹಜವಾಗಿಯೇ ಹೆಚ್ಚು ವಯಸ್ಸಿನವರು. ಹೋಲಿಸಬೇಕಾದದ್ದು ಒಂದೇ ವಯಸ್ಸಿನ ವಿವಾಹಿತರನ್ನೂ ಅವಿವಾಹಿತರನ್ನೂ. ಹಾಗೆ ಹೋಲಿಸಿದ ಕೂಡಲೇ ಚಿತ್ರ ತಲೆಕೆಳಗಾಯಿತು.

ಡರ್ಖೈಮ್ ಇದನ್ನು ಒಂದು ಅಂಕಿಯಲ್ಲಿ ಹಿಡಿದಿಟ್ಟ. ಒಂದು ಗುಂಪಿನ ಆತ್ಮಹತ್ಯೆ ಪ್ರಮಾಣಕ್ಕಿಂತ ಅದೇ ವಯಸ್ಸಿನ ಅವಿವಾಹಿತರ ಪ್ರಮಾಣ ಎಷ್ಟು ಪಟ್ಟು ಎಂಬುದೇ ಆ ಗುಂಪಿನ ‘ರಕ್ಷಣೆಯ ಗುಣಾಂಕ’. ಮಕ್ಕಳಿದ್ದ ಗಂಡಂದಿರಿಗೆ ಅದು 2.9 ಬಂತು, ಅಂದರೆ ಒಂದೇ ವಯಸ್ಸಿನ ಅವಿವಾಹಿತರಲ್ಲಿ ಆತ್ಮಹತ್ಯೆ ಹೆಚ್ಚುಕಡಿಮೆ ಮೂರು ಪಟ್ಟು. ಮಕ್ಕಳಿಲ್ಲದ ಗಂಡಂದಿರಿಗೆ 1.5ಕ್ಕೆ ಇಳಿಯಿತು. ಮಕ್ಕಳಿದ್ದ ಹೆಂಡತಿಯರಿಗೆ 1.89. ಮಕ್ಕಳಿಲ್ಲದ ಹೆಂಡತಿಯರಿಗೆ 0.67. ಈ ಕೊನೆಯ ಅಂಕಿ ಒಂದಕ್ಕಿಂತ ಕಡಿಮೆ. ಅಂದರೆ ಅವರಿಗೆ ಮದುವೆ ರಕ್ಷಣೆ ಕೊಡುವುದಿರಲಿ, ಅಪಾಯವನ್ನೇ ಹೆಚ್ಚಿಸಿತ್ತು: ಅದೇ ವಯಸ್ಸಿನ ಅವಿವಾಹಿತೆಯರಿಗಿಂತ ಒಂದೂವರೆ ಪಟ್ಟು. ಮಕ್ಕಳಿದ್ದರೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾಸ್ ಕೇಳದೆ ಬಿಟ್ಟಿದ್ದರೆ ಈ ಸತ್ಯ ಕಡತಗಳಲ್ಲೇ ಉಳಿಯುತ್ತಿತ್ತು. ಜೀವ ಕಾಯುತ್ತಿದ್ದುದು ಮದುವೆಗಿಂತ ಮಿಗಿಲಾಗಿ ಒಬ್ಬರನ್ನೊಬ್ಬರು ಅವಲಂಬಿಸಿದ ಕುಟುಂಬ.

ಉಳಿದ ಕಾರಣಗಳನ್ನೂ ಡರ್ಖೈಮ್ ಇದೇ ಬಗೆಯಲ್ಲಿ ಒರೆಗೆ ಹಚ್ಚಿದ. ಹುಚ್ಚೇ ಕಾರಣವಾದರೆ, ಹುಚ್ಚಾಸ್ಪತ್ರೆಗಳಲ್ಲಿ ಗಂಡಸರಿಗಿಂತ ತುಸು ಹೆಚ್ಚೇ ಇದ್ದ ಹೆಂಗಸರು ಆತ್ಮಹತ್ಯೆಯಲ್ಲೂ ಮುಂದಿರಬೇಕಿತ್ತು. ಗಂಡಸರ ಸಂಖ್ಯೆಯೇ ಸುಮಾರು ನಾಲ್ಕು ಪಟ್ಟಿತ್ತು. ಮಂಕು ಕವಿದ ಚಳಿಗಾಲವೇ ಕಾರಣವೆಂದರೆ, ಯುರೋಪಿನ ಉದ್ದಗಲಕ್ಕೂ ಆತ್ಮಹತ್ಯೆ ಹೆಚ್ಚುತ್ತಿದ್ದುದು ಹಗಲು ಉದ್ದವಾದ ಬೇಸಿಗೆಯಲ್ಲಿ. ತಾರ್ದ್ ಹೇಳುವಂತೆ ಅನುಕರಣೆಯೇ ಕಾರಣವಾದರೆ, ಎಲ್ಲರ ಕಣ್ಣಿಗೆ ಬೀಳುವ ದೊಡ್ಡ ನಗರಗಳಿಂದ ಅದು ಸುತ್ತಲೂ ಉಂಗುರ ಉಂಗುರವಾಗಿ ಹರಡಬೇಕಿತ್ತು. ತಾಲ್ಲೂಕುವಾರು ಬಿಡಿಸಿದ ನಕ್ಷೆಯಲ್ಲಿ ಅಂಥ ಉಂಗುರಗಳು ಕಾಣಲಿಲ್ಲ.

ಕಂಡದ್ದು ಬೇರೆಯೇ. ಪ್ರೊಟೆಸ್ಟೆಂಟರಲ್ಲಿ ಆತ್ಮಹತ್ಯೆ ಹೆಚ್ಚು, ಕ್ಯಾಥೊಲಿಕರಲ್ಲಿ ಕಡಿಮೆ. ಎರಡು ಪಂಥಗಳೂ ಆತ್ಮಹತ್ಯೆ ಪಾಪವೆಂದೇ ಹೇಳುತ್ತವೆ. ವ್ಯತ್ಯಾಸ ಬೋಧನೆಯಲ್ಲಿಲ್ಲ, ಕೂಡಿ ಬಾಳುವ ಬಗೆಯಲ್ಲಿದೆ ಎಂದ ಡರ್ಖೈಮ್. ಓದು ಹೆಚ್ಚಾದರೆ ಆತ್ಮಹತ್ಯೆ ಹೆಚ್ಚುತ್ತದೆ ಎಂಬ ಮಾತಿಗೂ ಅವನ ಬಳಿ ಉತ್ತರವಿತ್ತು. ಯಹೂದಿಗಳು ಚೆನ್ನಾಗಿ ಓದಿದವರು, ಆದರೂ ಅವರಲ್ಲಿ ಪ್ರಮಾಣ ಕಡಿಮೆ. ಸುತ್ತಲಿನವರ ಹಗೆತನ ಅವರನ್ನು ಒಬ್ಬರಿಗೊಬ್ಬರು ಅಂಟಿ ಬದುಕುವಂತೆ ಮಾಡಿತ್ತು. 1848ರ ಕ್ರಾಂತಿಯ ವರ್ಷ ಫ್ರಾನ್ಸಿನಲ್ಲಿ ಆತ್ಮಹತ್ಯೆಗಳು 3,647ರಿಂದ 3,301ಕ್ಕೆ ಇಳಿದವು. ಬೀದಿಗಿಳಿದು ಒಂದು ಗುರಿಗಾಗಿ ಒಟ್ಟಾದ ಜನ ಬದುಕಿಗೆ ಅಂಟಿಕೊಂಡಿದ್ದರು. ವಿಯೆನ್ನಾದಲ್ಲಿ 1873ರ ಹಣಕಾಸು ಕುಸಿತದ ಮುಂಚಿನ ವರ್ಷ 141 ಇದ್ದ ಸಂಖ್ಯೆ ಆ ವರ್ಷ 153, ಮರುವರ್ಷ 216 ಆಯಿತು. ಇದಕ್ಕೆ ಬಡತನ ಕಾರಣವಲ್ಲ ಎಂದು ಡರ್ಖೈಮ್ ವಾದಿಸಿದ. ಬಡ ಐರ್ಲೆಂಡಿನಲ್ಲಿ ಆತ್ಮಹತ್ಯೆ ತೀರ ಕಡಿಮೆ ಇತ್ತು. ದಿಢೀರ್ ಸಿರಿ ಬಂದಾಗಲೂ ಪ್ರಮಾಣ ಏರುತ್ತಿತ್ತು. ಇಷ್ಟು ಸಾಕು, ಇದು ನನ್ನ ಪಾಲು ಎಂದು ಹೇಳುವ ಕಟ್ಟುಪಾಡು ಕುಸಿದಾಗ ಮನುಷ್ಯನ ಆಸೆಗೆ ದಡವೇ ಇರುವುದಿಲ್ಲ. ಆ ಸ್ಥಿತಿಯನ್ನು ಅವನು ‘ಅನೋಮಿ’ ಎಂದು ಕರೆದ.

ಬಂಧ ಬಿಗಿಯಾದಷ್ಟೂ ಒಳ್ಳೆಯದು ಎಂದು ಮಾತ್ರ ಅವನು ಹೇಳಲಿಲ್ಲ. ಯುರೋಪಿನ ಸೈನಿಕರಲ್ಲಿ ಆತ್ಮಹತ್ಯೆ ನಾಗರಿಕರಿಗಿಂತ ಹೆಚ್ಚಿತ್ತು. ಗುಂಪಿನ ಮುಂದೆ ತನ್ನ ಜೀವಕ್ಕೆ ಬೆಲೆಯೇ ಇಲ್ಲ ಎನಿಸಿದಾಗಲೂ ಮನುಷ್ಯ ಸಾಯುತ್ತಾನೆ. ಒಡೆಯ ಸತ್ತಾಗ ಸಾಯುವ ಆಳುಗಳನ್ನೂ ಗಂಡನ ಚಿತೆಯೇರುವ ಹೆಂಡತಿಯರನ್ನೂ ಅವನು ಇದೇ ಬಗೆಗೆ ಸೇರಿಸಿದ. ನಮ್ಮ ಊರುಗಳ ಮಾಸ್ತಿಕಲ್ಲುಗಳನ್ನು, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗಾಗಿ ಪ್ರಾಣಬಿಟ್ಟ ಕುವರ ಲಕ್ಷ್ಮನ ಹಳೇಬೀಡಿನ ಗರುಡಗಂಬವನ್ನು ಈ ಕಣ್ಣಿನಿಂದ ನೋಡಿದರೆ, ಅವುಗಳಲ್ಲಿ ಶೌರ್ಯ, ನಿಷ್ಠೆಗಳ ಜೊತೆಗೆ ಒಂದು ಕಾಲದ ಸಮಾಜದ ಹಿಡಿತ ಎಷ್ಟು ಬಿಗಿಯಾಗಿತ್ತೆಂಬುದೂ ಕಾಣುತ್ತದೆ.

1897ರಲ್ಲಿ ‘ಆತ್ಮಹತ್ಯೆ’ ಎಂಬ ಹೆಸರಿನಲ್ಲೇ ಪುಸ್ತಕ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಸಮಾಜವನ್ನು ಕಣ್ಣಿಂದ ಕಾಣಲಾಗದಿದ್ದರೂ ಅದರ ಬಲವನ್ನು ಅಳೆಯಬಹುದು ಎಂದು ತೋರಿಸಿಕೊಟ್ಟ ಪುಸ್ತಕ ಅದು. ಇಂಗ್ಲಿಷಿಗೆ ಬಂದದ್ದು 1951ರಲ್ಲಿ. ಅದರಲ್ಲಿ ತಪ್ಪುಗಳೂ ಇವೆ, ಅವನ್ನು ಮುಚ್ಚಿಡಬಾರದು. ಹೆಂಗಸರ ಬಗ್ಗೆ ತನ್ನ ಅಂಕಿಗಳೇ ಹೇಳಿದ ದೊಡ್ಡ ಸತ್ಯದ ಮುಂದೆ ಡರ್ಖೈಮ್ ಸೋತ. ಮದುವೆಯಲ್ಲಿ ಹೆಂಗಸಿಗೆ ಏನಾಗುತ್ತಿದೆ ಎಂದು ಕೇಳುವ ಬದಲು, ಹೆಂಗಸಿನ ಮನಸ್ಸು ಗಂಡಸಿನದರಷ್ಟು ಬೆಳೆದಿಲ್ಲ ಎಂಬ ಆ ಕಾಲದ ಪೂರ್ವಗ್ರಹಕ್ಕೆ ಶರಣಾದ. ಸರ್ಕಾರಿ ಅಂಕಿಗಳನ್ನು ಅತಿಯಾಗಿ ನಂಬಿದ ಎಂಬುದು ಇನ್ನೊಂದು ಆಕ್ಷೇಪ. ಆತ್ಮಹತ್ಯೆಯೆಂದು ಬರೆಸಲು ಮನೆಯವರು ಹಿಂಜರಿಯುವ ಕಡೆ ಸಾವು ಬೇರೆ ಹೆಸರಿನಲ್ಲಿ ದಾಖಲಾಗುತ್ತದೆ. ನೆದರ್ಲೆಂಡ್ಸಿನ ಹಳೆಯ ದಾಖಲೆಗಳನ್ನು ಆಧರಿಸಿ 1996ರಲ್ಲಿ ಬಂದ ಅಧ್ಯಯನವೊಂದು, ಅಲ್ಲಿನ ಕ್ಯಾಥೊಲಿಕರ ಕಡಿಮೆ ಪ್ರಮಾಣದ ಹಿಂದೆ ಹೀಗೆ ಬೇರೆ ಹೆಸರಿನಲ್ಲಿ ದಾಖಲಾದ ಸಾವುಗಳಿರುವುದನ್ನು ತೋರಿಸಿತು.

ಡರ್ಖೈಮನ ಚಿಂತನೆ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್ ಮೂಲಕ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಗೆ ತಲುಪಿತು. ಕೊಡವರ ಆಚರಣೆಗಳು ಆ ಸಮುದಾಯವನ್ನು ಹೇಗೆ ಕಟ್ಟಿ ಹಿಡಿಯುತ್ತವೆ ಎಂದು ವಿವರಿಸುವ, 1952ರಲ್ಲಿ ಬಂದ ಅವರ ಗ್ರಂಥದಲ್ಲಿ ಆ ಗುರುಪರಂಪರೆಯ ಗುರುತು ಸ್ಪಷ್ಟವಾಗಿದೆ.

ಇಂದು ಅದೇ ಪ್ರಶ್ನೆಗಳನ್ನು ನಮ್ಮ ಅಂಕಿಗಳಿಗೆ ಕೇಳಬೇಕಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಲಕ್ಷ ಜನಸಂಖ್ಯೆಗೆ 12.4. ಕರ್ನಾಟಕದ ಪ್ರಮಾಣ ಈ ಸರಾಸರಿಗಿಂತ ಬಹಳ ಹೆಚ್ಚು, ಬಿಹಾರದ್ದು ಬಹಳ ಕಡಿಮೆ. ಸತ್ತ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಗೃಹಿಣಿಯರು. ಒಂದೊಂದು ಸಾವು ಸುದ್ದಿಯಾದಾಗಲೂ ನಾವು ಸಾಲ, ಜಗಳ, ಕಾಯಿಲೆ, ಪರೀಕ್ಷೆಯ ಫಲಿತಾಂಶ ಎಂದು ಕಾರಣ ಹುಡುಕುತ್ತೇವೆ. ಅವು ಸುಳ್ಳಲ್ಲ. ಆದರೆ ವರ್ಷ ವರ್ಷವೂ ಅದೇ ರಾಜ್ಯದಲ್ಲಿ, ಅದೇ ಬಗೆಯ ಜನರಲ್ಲಿ ಸಂಖ್ಯೆ ಏಕೆ ಹೆಚ್ಚಿದೆ ಎಂಬುದಕ್ಕೆ ಅವು ಉತ್ತರವಾಗಲಾರವು. ಆ ಉತ್ತರಕ್ಕೆ ಮಾಸ್ ಮಾಡಿದಂತೆ ಕಡತ ಬಿಚ್ಚಿ ಕುಳಿತುಕೊಳ್ಳಬೇಕು: ಅವರು ಯಾರ ಜೊತೆ ಬದುಕುತ್ತಿದ್ದರು, ಯಾರು ಅವರನ್ನು ನೆಚ್ಚಿದ್ದರು, ಅವರಿಗೆ ನೆಚ್ಚಲು ಯಾರಿದ್ದರು?

ಆತ್ಮಹತ್ಯೆಯ ದರ ಹಣೆಬರಹವಾಗಿದ್ದರೆ 1848ರಲ್ಲಿ ಅದು ಇಳಿಯುತ್ತಿರಲಿಲ್ಲ. ಜನರ ನಡುವಿನ ಬಂಧ ಬದಲಾದಾಗ ಅದು ಬದಲಾಗುತ್ತದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದವರಿಗೆ ಕೇಳಿಸುವ ದನಿಯಿಂದ ಹಿಡಿದು, ಸಾಲಗಾರ ರೈತನ ಪರವಾಗಿ ನಿಲ್ಲುವ ಊರು, ಸೊಸೆಯ ಮಾತಿಗೆ ಬೆಲೆ ಕೊಡುವ ಮನೆಯವರೆಗೆ, ಆ ಬಂಧವನ್ನು ಕಟ್ಟುವ ಹೊಣೆ ಎಲ್ಲರದು. ಒಬ್ಬರ ಸಂಕಟವನ್ನು ಅವರ ಪಾಡಿಗೆ ಬಿಟ್ಟು ನಾವು ಹೊರಗೆ ನಿಲ್ಲಲಾಗದು, ಏಕೆಂದರೆ ವರ್ಷದ ಕೊನೆಗೆ ಅಚ್ಚಾಗುವ ಸಂಖ್ಯೆಯಲ್ಲಿ ನಾವು ಕಟ್ಟಿದ ಬಂಧಗಳ ಲೆಕ್ಕವೂ ಇದೆ, ಕಟ್ಟದೆ ಬಿಟ್ಟ ಬಂಧಗಳ ಲೆಕ್ಕವೂ ಇದೆ.