ಐಹೊಳೆಯ ಶಿಲಾಸಮಾಧಿಗಳು: ಆಯುಧ ಯಾರದು, ಆಭರಣ ಯಾರದು?

ಬಾಗಲಕೋಟೆ ಜಿಲ್ಲೆಯಲ್ಲಿ ಮಲಪ್ರಭಾ ನದಿಯ ದಡದಲ್ಲಿರುವ ಐಹೊಳೆಯು ಚಾಲುಕ್ಯರ ದೇವಾಲಯಗಳಿಗೆ ಪ್ರಸಿದ್ಧವಾಗಿದೆ. ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಮೇಗುತಿ ಬಸದಿಯ ಹಿಂಬದಿಯಲ್ಲಿ, ಅದಕ್ಕಿಂತ ಬಹು ಹಿಂದಿನ ಬೃಹತ್ ಶಿಲಾಯುಗದ ಸಮಾಧಿಗಳಿವೆ. ನಿಲ್ಲಿಸಿದ ಕಲ್ಲು ಚಪ್ಪಡಿಗಳು, ಮುಂಭಾಗದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಮೇಲೊಂದು ಹಾಸುಗಲ್ಲು ಇವುಗಳ ರಚನೆ. ಸ್ಥಳೀಯರು ಇವನ್ನು ‘ಮೋರೇರ ಮನೆ’ ಎಂದು ಕರೆಯುತ್ತಾರೆ. ಮನೆ ಎಂದಾಗ ಅಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರೆಂದೇ ಅರ್ಥ. ವಿದ್ವಾಂಸರ ಬರಹಗಳಲ್ಲಿ ಬಹುಕಾಲ ಹಾಗಿರಲಿಲ್ಲ.

ಸಮಾಧಿಯಲ್ಲಿ ಕಬ್ಬಿಣದ ಭರ್ಜಿ ದೊರೆತರೆ ಅದು ವೀರನದು, ಮಣಿಸರ ದೊರೆತರೆ ಸ್ತ್ರೀಯದು. ಕಲ್ಲಿನ ಕೊಡಲಿ ಗಂಡಿನದು, ಅರೆಯುವ ಕಲ್ಲು ಹೆಣ್ಣಿನದು ಎಂದು ಎಲುಬನ್ನು ಪರೀಕ್ಷಿಸದೆಯೇ ನಿರ್ಧರಿಸುವ ರೂಢಿಯಿತ್ತು. ಇದಕ್ಕೆ ಆಧಾರವಾದುದು ಅಗೆದವರ ಕಾಲದ ಕುಟುಂಬ ಪದ್ಧತಿಯೇ ಹೊರತು ಪ್ರಾಚೀನರದಲ್ಲ. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ, ಕತ್ತಿ, ಕೊಡಲಿ ಹಾಗೂ ಎರಡು ಕುದುರೆಗಳಿದ್ದ ಹತ್ತನೆಯ ಶತಮಾನದ ಸಮಾಧಿಯನ್ನು ಪುರುಷ ಯೋಧನದೆಂದೇ ಭಾವಿಸಲಾಗಿತ್ತು. 2017ರಲ್ಲಿ ಪ್ರಕಟವಾದ ಡಿ.ಎನ್.ಎ. ಪರೀಕ್ಷೆಯು ಆ ಅಸ್ಥಿಗಳು ಸ್ತ್ರೀಯವೆಂದು ತೋರಿಸಿತು. ಪೆರು ದೇಶದ ವಿಲಮಾಯ ಪಾಟ್‌ಷಾದಲ್ಲಿ ಸುಮಾರು 9000 ವರ್ಷಗಳ ಹಿಂದೆ ಬೇಟೆಯ ಉಪಕರಣಗಳೊಡನೆ ಹೂಳಲಾದ ವ್ಯಕ್ತಿಯೂ ಯುವತಿಯೇ ಎಂಬುದು 2020ರಲ್ಲಿ ಪ್ರಕಟವಾಯಿತು. ಇದನ್ನು ತಿಳಿಸಿದ್ದು ಹಲ್ಲಿನ ಹೊರಪದರದಲ್ಲಿ ಉಳಿದಿದ್ದ ಪ್ರೋಟೀನು.

ಹಾಗೆಂದು ಎಲ್ಲ ಆಯುಧಗಳನ್ನೂ ಈಗ ಸ್ತ್ರೀಯರಿಗೆ ವಹಿಸುವುದೂ ಅಷ್ಟೇ ಅವಸರದ ಮಾತಾದೀತು. ಕರ್ನಾಟಕದಲ್ಲಿ ತೊಡಕು ಇನ್ನೂ ಹೆಚ್ಚು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಒಂದೇ ಕಲ್ಲುಗೋರಿಯಲ್ಲಿ ಹಲವರ ಅಪೂರ್ಣ ಎಲುಬುಗಳು ಕಂಡುಬಂದವು. ಬೇರೆಡೆ ಕೊಳೆತ ಶವದ ಅಸ್ಥಿಗಳನ್ನಷ್ಟೇ ತಂದು ಇಡುವ ಪದ್ಧತಿ ಇದಕ್ಕೆ ಕಾರಣ. ಇಂತಹ ಗೋರಿಯಲ್ಲಿ ಒಂದು ಕತ್ತಿ ದೊರೆತರೆ ಅದು ಯಾರದೆಂದು ಹೇಗೆ ಹೇಳುವುದು? ಅದು ಒಬ್ಬರದೇ ಆಗಿರಬೇಕೆಂದೂ ಇಲ್ಲ.

ಐಹೊಳೆಯ ಐತಿಹ್ಯದಲ್ಲಿಯೂ ಕೊಡಲಿಯು ಪರಶುರಾಮನದು. ಅದನ್ನು ತೊಳೆದು ಕೆಂಪಾದ ನೀರನ್ನು ಕಂಡು ‘ಅಯ್ಯೋ ಹೊಳೆ’ ಎಂದು ಕೂಗಿದವಳು ಹೆಣ್ಣು. ಕಥೆಯಲ್ಲಿ ಇದು ಒಪ್ಪುತ್ತದೆ, ಆದರೆ ಹೊಲದಲ್ಲಿ ದೊರೆಯುವ ನವಶಿಲಾಯುಗದ ಕೊಡಲಿಗೆ ಹಿಡಿದವರ ಗುರುತಿಲ್ಲ.

ನಿಧಿಯ ಆಸೆಯಿಂದ ಇಲ್ಲಿನ ಹಲವು ಸಮಾಧಿಗಳನ್ನು ಕೆಡವಲಾಗಿದೆ. ಲೋಹದ ವಸ್ತುವನ್ನು ಹುಡುಕುವವನಿಗೆ ಹಲ್ಲಿನ ಚೂರು ಬೇಡವಾದುದು. ಲಿಂಗ ನಿರ್ಧಾರಕ್ಕೆ ಇಂದು ಬೇಕಾದುದು ಅದೇ. ಆದುದರಿಂದ ವೀಕ್ಷಕರು ಚಪ್ಪಡಿಗಳನ್ನು ಸರಿಸಬಾರದು, ಕಿಂಡಿಯೊಳಗಿನ ಮಣ್ಣನ್ನು ಕೆದಕಬಾರದು.