ಕಿಡ್ನಿ ನರ ಸುಟ್ಟರೆ ಬಿಪಿ ಹೋಗುತ್ತಾ?

ವೀಕ್ಷಕರೇ, ‘ಬಿಪಿ ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತಗೋಬೇಕು’ ಅಂತ ಡಾಕ್ಟರ್ ಹೇಳಿದ ತಕ್ಷಣ ಎಷ್ಟು ಜನ ಚೀಟಿ ಮಡಚಿ ಜೇಬಿಗೆ ಹಾಕಿ ಮರೆತುಬಿಡ್ತಾರೆ ಗೊತ್ತಾ? ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ನಿಂತವನಿಗೂ, ವೈಟ್‌ಫೀಲ್ಡ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವನಿಗೂ ಈ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ. ಇಬ್ಬರ ಆಸೆಯೂ ಒಂದೇ. ‘ದಿನಾ ಮಾತ್ರೆ ನುಂಗೋದು ಬೇಡ ಸಾರ್, ಒಂದೇ ಸಲ ಏನಾದ್ರೂ ಮಾಡಿ ಮುಗಿಸಿಬಿಡಿ.’

ಆ ಆಸೆಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನುವ ಹಾಗೆ ಈಗ ಒಂದು ಚಿಕಿತ್ಸೆಯ ಹೆಸರು ಓಡಾಡುತ್ತಿದೆ. ರೀನಲ್ ಡಿನರ್ವೇಶನ್. ಕಿಡ್ನಿಗೆ ಹೋಗುವ ನರಗಳನ್ನು ಸುಟ್ಟು ಬಿಪಿ ಇಳಿಸುವ ವಿಧಾನ. ಇದು ನಿಜವಾ? ನಿಜ. ಯಾರಿಗೆ ಬೇಕು? ಮಾತ್ರೆ ಬಿಡಬಹುದಾ? ಇದನ್ನೇ ಇವತ್ತು ಬಿಡಿಸಿ ನೋಡೋಣ.

ಮೊದಲನೇ ಪ್ರಶ್ನೆ. ಬಿಪಿಗೂ ಕಿಡ್ನಿಗೂ ಏನು ಸಂಬಂಧ? ನಿಮ್ಮ ಅಪಾರ್ಟ್‌ಮೆಂಟಿನ ನೀರಿನ ವ್ಯವಸ್ಥೆ ನೆನಪು ಮಾಡಿಕೊಳ್ಳಿ. ಪಂಪ್ ಇದೆ, ಪೈಪುಗಳಿವೆ, ಪಂಪ್ ಎಷ್ಟು ಹೊತ್ತು ಓಡಬೇಕು ಅಂತ ಹೇಳುವ ಆಟೋಮ್ಯಾಟಿಕ್ ಸ್ವಿಚ್ ಇದೆ. ದೇಹದಲ್ಲಿ ಹೃದಯ ಪಂಪ್, ರಕ್ತನಾಳಗಳು ಪೈಪು. ರಕ್ತದಲ್ಲಿ ಎಷ್ಟು ಉಪ್ಪು, ಎಷ್ಟು ನೀರು ಉಳಿಯಬೇಕು ಅನ್ನೋದನ್ನು ತೀರ್ಮಾನಿಸುವುದು ಕಿಡ್ನಿ. ಆ ಕಿಡ್ನಿಗೆ ಮೆದುಳಿನ ಕಡೆಯಿಂದ ವೈರಿನ ಹಾಗೆ ನರಗಳು ಬಂದಿವೆ. ಸಿಂಪಥೆಟಿಕ್ ನರಗಳು ಅಂತಾರೆ. ಗಾಬರಿಯಾದಾಗ, ಸಿಟ್ಟು ಬಂದಾಗ ಎದೆ ಢವಢವ ಅನ್ನಿಸುವುದೂ ಇದೇ ಜಾತಿಯ ನರಗಳೇ.

ಈ ನರಗಳು ಅತಿಯಾಗಿ ಚುರುಕಾದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ರೆನಿನ್ ಎಂಬ ರಾಸಾಯನಿಕ ಹೆಚ್ಚಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಕಿಡ್ನಿಯಿಂದ ಮೆದುಳಿಗೂ ವಾಪಸ್ ಸಂದೇಶ ಹೋಗಿ ಅಲ್ಲಿಂದ ಇನ್ನಷ್ಟು ಒತ್ತಡ. ಪರಿಣಾಮ, ಬಿಪಿ ಏರುತ್ತದೆ. ಆ ವೈರನ್ನು ಅಲ್ಲಲ್ಲಿ ಸುಟ್ಟು ಸಂದೇಶ ಕಡಿಮೆ ಮಾಡಿದರೆ? ಇಷ್ಟೇ ಈ ಚಿಕಿತ್ಸೆಯ ತರ್ಕ.

ಮಾಡೋದು ಹೇಗೆ? ಹೊಟ್ಟೆ ಕುಯ್ಯುವುದಿಲ್ಲ. ಆಂಜಿಯೋಗ್ರಾಂ ಥರಾನೇ. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ನಳಿಗೆಯನ್ನು ಕಿಡ್ನಿಯ ರಕ್ತನಾಳದೊಳಕ್ಕೆ ಕಳಿಸುತ್ತಾರೆ. ನರಗಳು ಆ ರಕ್ತನಾಳದ ಗೋಡೆಯ ಸುತ್ತಲೇ ಹಬ್ಬಿರುತ್ತವೆ. ನಳಿಗೆಯ ತುದಿಯಿಂದ ರೇಡಿಯೋ ತರಂಗ ಅಥವಾ ಅಲ್ಟ್ರಾಸೌಂಡ್ ಕೊಟ್ಟು, ಗೋಡೆಯಾಚೆ ಇರುವ ನರಗಳನ್ನು ಬಿಸಿ ಮಾಡಿ ಕೆಡಿಸುತ್ತಾರೆ. ಎರಡೂ ಕಿಡ್ನಿಗೆ ಮಾಡಬೇಕು.

ಇದು ತೀರಾ ಹೊಸ ಐಡಿಯಾ ಅಂದುಕೊಳ್ಳಬೇಡಿ. 1930ರ ದಶಕದ ಕೊನೆಯಿಂದಲೇ ಅಮೆರಿಕದಲ್ಲಿ ಸ್ಮಿತ್‌ವಿಕ್ ಎಂಬ ಸರ್ಜನ್ ಬೆನ್ನು ಕುಯ್ದು ಈ ಜಾತಿಯ ನರಗಳನ್ನು ತೆಗೆದುಹಾಕುತ್ತಿದ್ದರು. ಬಿಪಿ ಇಳಿಯುತ್ತಿತ್ತು. ಆದರೆ ರೋಗಿ ಎದ್ದು ನಿಂತರೆ ತಲೆಸುತ್ತಿ ಬೀಳುತ್ತಿದ್ದ. ಆದರೂ ಜನ ಒಪ್ಪುತ್ತಿದ್ದರು. ಯಾಕೆ? ಬೇರೆ ದಾರಿಯೇ ಇರಲಿಲ್ಲ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ಬಿಪಿ ಆವತ್ತು 300ರ ಹತ್ತಿರ. ಜಗತ್ತಿನ ಅತ್ಯಂತ ಪ್ರಬಲ ವ್ಯಕ್ತಿಗೆ ಕೊಡೋಕೆ ಒಂದು ಒಳ್ಳೆ ಮಾತ್ರೆ ಇರಲಿಲ್ಲ!

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಒಂದು ಬೇರು ಕೆಲಸ ಮಾಡುತ್ತಿತ್ತು. ಸರ್ಪಗಂಧ. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಹೋದರೆ ಮಾಕಳಿಯಲ್ಲಿ ಸಿಗುತ್ತದಲ್ಲ, ಹಿಮಾಲಯ ಕಂಪನಿ? ಅದು ಬೆಂಗಳೂರಿಗೆ ಬರುವ ಎಷ್ಟೋ ವರ್ಷ ಮೊದಲು, 1934ರಲ್ಲೇ, ಈ ಬೇರಿನಿಂದ ಸರ್ಪಿನಾ ಎಂಬ ಮಾತ್ರೆ ತಂದಿತ್ತು. 1949ರಲ್ಲಿ ಮುಂಬೈನ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಇತ್ತ ತಿರುಗಿ ನೋಡಿತು. ಆಮೇಲೆ ಅದರಿಂದ ರೆಸರ್ಪಿನ್ ಔಷಧ ಬಂತು. ಅದು ಮಾಡುತ್ತಿದ್ದದ್ದೂ ಇದೇ ನರಗಳ ಸದ್ದಡಗಿಸುವ ಕೆಲಸ! ಮನಸ್ಸು ಮಂಕಾಗುವಂಥ ಅಡ್ಡಪರಿಣಾಮ ಇದ್ದುದರಿಂದ, ಒಳ್ಳೆ ಮಾತ್ರೆಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಹಾಗಾಗಿ ಇವತ್ತು ಅಂಗಡಿಯಿಂದ ಬೇರು ತಂದು ಕಷಾಯ ಮಾಡಿಕೊಳ್ಳಬೇಡಿ ದಯವಿಟ್ಟು.

1950ರ ದಶಕದ ಕೊನೆಗೆ, ಮೂತ್ರದ ಮೂಲಕ ಉಪ್ಪು ಹೊರಹಾಕುವ ಮಾತ್ರೆ ಬಂತು. ನರ ಕತ್ತರಿಸುವ ಆಪರೇಷನ್ ಮೂಲೆ ಸೇರಿತು. ಆಮೇಲೆ ಅರ್ಧ ಶತಮಾನ ಕಳೆದು, 2009ರಲ್ಲಿ ಆಸ್ಟ್ರೇಲಿಯಾದ ವೈದ್ಯರ ನೇತೃತ್ವದ ತಂಡ, ಕುಯ್ಯದೇ ನಳಿಗೆಯಿಂದಲೇ ನರ ಸುಡಬಹುದು ಅಂತ ತೋರಿಸಿತು. ಜಗತ್ತಿನಾದ್ಯಂತ ಉತ್ಸಾಹ. ಬಿಪಿ ಕಾಯಿಲೆಯೇ ಮುಗೀತು ಅನ್ನೋ ಮಟ್ಟಿಗೆ!

ಈಗ ಕಥೆಯ ಮುಖ್ಯ ಭಾಗಕ್ಕೆ ಬನ್ನಿ. 2014ರಲ್ಲಿ ಅಮೆರಿಕದಲ್ಲಿ 535 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಕೆಲವರಿಗೆ ನಿಜವಾಗಿ ನರ ಸುಟ್ಟರು. ಉಳಿದವರಿಗೆ ಆಂಜಿಯೋಗ್ರಾಂ ಮಾತ್ರ ಮಾಡಿ, ನರ ಮುಟ್ಟದೇ ಬಿಟ್ಟರು. ಯಾರಿಗೆ ಏನು ಮಾಡಿದ್ದಾರೆ ಅಂತ ರೋಗಿಗೆ ಗೊತ್ತಿಲ್ಲ. ಆರು ತಿಂಗಳ ನಂತರ ನೋಡಿದರೆ, ನರ ಸುಟ್ಟವರ ಮೇಲಿನ ಬಿಪಿ ಸರಾಸರಿ 14 ಇಳಿದಿತ್ತು. ಏನೂ ಮಾಡದವರದ್ದು? ಸುಮಾರು 12! ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ.

ನರ ಮುಟ್ಟದೆಯೇ ಬಿಪಿ ಇಳಿದದ್ದು ಹೇಗೆ ಸ್ವಾಮಿ? ಚಿಕಿತ್ಸೆ ಆಗಿದೆ ಅನ್ನೋ ನಂಬಿಕೆ ಒಂದು. ಇನ್ನೊಂದು ಕಾರಣವನ್ನೂ ತಜ್ಞರು ಮುಂದಿಟ್ಟರು. ಪರೀಕ್ಷೆಗೆ ಸೇರಿದ ಮೇಲೆ ಪದೇಪದೇ ಬಿಪಿ ನೋಡ್ತಾರೆ, ವಿಚಾರಿಸ್ತಾರೆ. ಆಗ ಜನ ಮಾತ್ರೆಯನ್ನು ಸರಿಯಾಗಿ ತಗೊಳ್ಳೋಕೆ ಶುರು ಮಾಡ್ತಾರೆ. ಈ ಮಾತನ್ನು ಇಲ್ಲೇ ಹಿಡಿದಿಟ್ಟುಕೊಳ್ಳಿ.

ವಿಜ್ಞಾನಿಗಳು ಅಲ್ಲಿಗೇ ಬಿಡಲಿಲ್ಲ. ನಳಿಗೆ ಸುಧಾರಿಸಿತು, ಎಲ್ಲಿ ಸುಡಬೇಕು ಅನ್ನೋದು ಸ್ಪಷ್ಟವಾಯಿತು. ಅದೇ ರೀತಿಯ ಕಟ್ಟುನಿಟ್ಟಿನ ಹೊಸ ಪರೀಕ್ಷೆಗಳಲ್ಲಿ ಈ ಬಾರಿ ಕೆಲವು ಕಡೆ ಪರಿಣಾಮ ಕಂಡಿತು. 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು. ಭಾರತದಲ್ಲೂ ಈ ಚಿಕಿತ್ಸೆ ಬಂದಿದೆ. ಪರಿಣಾಮ ಎಷ್ಟು? ಯಶಸ್ವಿಯಾದ ಪರೀಕ್ಷೆಗಳಲ್ಲಿ, ಸುಳ್ಳು ಚಿಕಿತ್ಸೆಗೆ ಹೋಲಿಸಿದರೆ, ಮೇಲಿನ ಬಿಪಿ ಸರಾಸರಿ ನಾಲ್ಕರಿಂದ ಆರು ಅಂಕ ಹೆಚ್ಚು ಇಳಿಯಿತು. ಅಂದರೆ ಹೆಚ್ಚುಕಮ್ಮಿ ಒಂದು ಮಾತ್ರೆಯ ಕೆಲಸ.

ಇಷ್ಟೇನಾ ಅಂತ ಮೂಗು ಮುರಿಯಬೇಡಿ. ಮೇಲಿನ ಬಿಪಿ ಐದು ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಸುಮಾರು ಶೇ 10ರಷ್ಟು ಕಡಿಮೆಯಾಗುತ್ತವೆ ಅಂತ ಬಿಪಿ ಔಷಧಗಳ ಬಗ್ಗೆ 2021ರಲ್ಲಿ ಬಂದ ದೊಡ್ಡ ವಿಶ್ಲೇಷಣೆ ಹೇಳಿದೆ. ಹಾಗಾಗಿ ಕೆಲವರಿಗೆ ಇದು ವರವೇ. ಯಾರಿಗೆ? ನೀರಿನ ಮಾತ್ರೆಯೂ ಸೇರಿ ಮೂರು ಬಗೆಯ ಔಷಧಗಳನ್ನು ಪೂರ್ತಿ ಪ್ರಮಾಣದಲ್ಲಿ, ತಪ್ಪದೇ ತಗೊಂಡರೂ ಬಿಪಿ ಬಗ್ಗದವರಿಗೆ. ಕೆಲವರಿಗೆ ಮಾತ್ರೆಗಳು ಒಗ್ಗುವುದೇ ಇಲ್ಲ, ಅಂಥವರಿಗೆ. ಇವರೂ ಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮಾತ್ರೆ ಮುಂದುವರಿಸಬೇಕಾಗುತ್ತದೆ. ಇನ್ನು ಮಾತ್ರೆಯೇ ಬೇಡ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ, ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ತಜ್ಞರನ್ನು ಕೇಳಿ.

ನರ ಸುಡುವ ಮುಂಚೆ ನೋಡಬೇಕಾದ್ದೂ ಬಹಳ ಇದೆ. ಕಿಡ್ನಿಯ ರಕ್ತನಾಳವೇ ಕಿರಿದಾಗಿದೆಯಾ? ಅಡ್ರಿನಲ್ ಗ್ರಂಥಿಯಲ್ಲಿ ದೋಷ ಇದೆಯಾ? ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತಾ? ಬೆನ್ನುನೋವಿಗೆ ಅಂತ ಮೆಡಿಕಲ್ ಶಾಪಿನಿಂದ ದಿನಾ ನೋವಿನ ಮಾತ್ರೆ ತಂದು ನುಂಗ್ತಿದ್ದೀರಾ? ದಿನವಿಡೀ ಮೆಷಿನ್ ಮುಂದೆ ನಿಲ್ಲುವ ಕಾರ್ಮಿಕರೇ, ಈ ಕೊನೆಯದನ್ನು ಗಮನಿಸಿ. ಬಹಳಷ್ಟು ನೋವಿನ ಮಾತ್ರೆಗಳು ಬಿಪಿಯನ್ನೂ ಏರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ.

ಇನ್ನು ಲೆಕ್ಕಾಚಾರ. ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಹೇಳಿದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಜನಕ್ಕೆ ಬಿಪಿ ಇದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇದಕ್ಕೆ ನೋವಿಲ್ಲ, ಜ್ವರ ಇಲ್ಲ. ಬಹಳ ಜನಕ್ಕೆ ಗೊತ್ತಾಗೋದೇ ಬಾಯಿ ಸೊಟ್ಟಗಾದಾಗ, ಕೈ ಎತ್ತೋಕಾಗದೇ ಇದ್ದಾಗ. ದುಡಿಯುವ ಕೈ ಬಿದ್ದುಹೋದರೆ ಬಾಡಿಗೆ ಮನೆಯ ಸಂಸಾರದ ಗತಿ ಏನು? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ಲ್ಯಾಟಿನ ಇಎಂಐ ಕಟ್ಟುತ್ತಿರುವವರ ಗತಿ ಏನು?

ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಒಳ್ಳೆಯದೇ. ಆದರೆ ಶಿಫ್ಟ್‌ಗೆ ಹೋದವನು ಮನೆಯಲ್ಲಿ ಸಿಗ್ತಾನಾ? ಫ್ಯಾಕ್ಟರಿ ಗೇಟಿನಲ್ಲಿ, ಟೆಕ್ ಪಾರ್ಕಿನ ಕೆಫೆಟೇರಿಯಾದಲ್ಲಿ ಒಂದು ಬಿಪಿ ಮೆಷಿನ್, ನೋಡೋಕೆ ಒಬ್ಬ ನರ್ಸ್. ಹಾಜರಾತಿಗೆ ಬೆರಳಚ್ಚು ಯಂತ್ರ ಇಡುವ ಆಡಳಿತ ಮಂಡಳಿಗಳಿಗೆ ಇದು ಭಾರವಾ?

ನೈಟ್ ಶಿಫ್ಟ್‌ನವರು ಕೇಳ್ತಾರೆ, ಮಾತ್ರೆ ಬೆಳಿಗ್ಗೆನಾ, ರಾತ್ರಿನಾ? ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಬೆಳಿಗ್ಗೆ ತಗೊಂಡರೂ ಸಂಜೆ ತಗೊಂಡರೂ ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮಗೆ ಮರೆಯದ ಹೊತ್ತು ಯಾವುದು ಅಂತ ಡಾಕ್ಟರ್ ಹತ್ತಿರ ಮಾತಾಡಿ ಗೊತ್ತು ಮಾಡಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಸಾಮಾನ್ಯ ಬಿಪಿ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಇಎಸ್‌ಐ ಕಾರ್ಡ್ ಇದ್ದವರಿಗೆ ಅದೂ ಖರ್ಚಿಲ್ಲ. ಉಪ್ಪು ದಿನಕ್ಕೆ ಐದು ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲವೂ ಆ ಚಮಚದ ಲೆಕ್ಕಕ್ಕೇ ಸೇರುತ್ತವೆ.

ಕಿಡ್ನಿ ನರದ ಚಿಕಿತ್ಸೆ ಬಂದಿರುವುದು ಸಂತೋಷದ ವಿಷಯ. ಬೇಕಾದವರಿಗೆ ಸಿಗಲಿ, ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುವಂತಾಗಲಿ. ಆದರೆ 2014ರ ಆ ಪರೀಕ್ಷೆಯನ್ನು ಮರೆಯಬೇಡಿ. ನರವನ್ನೇ ಮುಟ್ಟದಿದ್ದರೂ 12 ಅಂಕ ಇಳಿದಿತ್ತು. ನಿಮ್ಮ ಜೇಬಿನಲ್ಲಿರುವ ಆ ಚೀಟಿ ಇವತ್ತು ಹೊರಗೆ ತೆಗೀರಿ. ಮಾತ್ರೆ ತಗೊಳ್ಳಿ. ಮುಂದಿನ ವಾರ ಬಿಪಿ ನೋಡಿಸಿ.